ಓಡಿ, ಬಿಡಿ ಮತ್ತು ಒಗ್ಗರಣೆ ಡಬ್ಬಿ

ಪ್ರಶ್ನೆ ಸರಳವಾಗಿತ್ತು. ಒಂದು ಡಬ್ಬ ಐಸ್‌ಕ್ರೀಮ್. ಅದರಲ್ಲಿ ನಾಲ್ಕು ಪಾಲು. ಒಂದು ಪಾಲಿಗೆ 250 ಕ್ಯಾಲೊರಿ. ಇಡೀ ಡಬ್ಬ ತಿಂದರೆ ಎಷ್ಟು?

ಜಯನಗರ 4ನೇ ಬ್ಲಾಕಿನ ಮನೆಯಲ್ಲಿ ಭಾನುವಾರದ ಊಟ ಮುಗಿಸಿ ಎಲೆಅಡಿಕೆ ತಟ್ಟೆ ಎಳೆದುಕೊಳ್ಳುತ್ತಿದ್ದ ದೊಡ್ಡಮ್ಮ ನನ್ನ ಮುಖ ನೋಡಿದರು. ‘ಇಡೀ ಡಬ್ಬ ಒಬ್ಬಳೇ ಯಾಕೋ ತಿನ್ನಲಿ? ಮನೇಲಿ ಎಷ್ಟು ಜನ ಇದಾರೆ ಅಂತ ಮೊದಲು ಹೇಳು.’

‘ಸುಮ್ನೆ ಲೆಕ್ಕಕ್ಕೆ, ದೊಡ್ಡಮ್ಮಾ.’

‘ಲೆಕ್ಕಕ್ಕಾದ್ರೂ ಅಷ್ಟೇ. ಶುಗರ್ ಇರೋಳು ಡಬ್ಬ ಖಾಲಿ ಮಾಡಿದ್ರೆ ಆಮೇಲೆ ಲೆಕ್ಕ ಹಾಕಕ್ಕೆ ಯಾರಿರ್ತಾರೆ?’

ಇದು ನನ್ನ ತಲೆಹರಟೆಯ ಪ್ರಶ್ನೆಯಲ್ಲ. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಬ್ಯಾರಿ ವೈಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ‘ನ್ಯೂಯೆಸ್ಟ್ ವೈಟಲ್ ಸೈನ್’ ಎಂಬ ಪರೀಕ್ಷೆಯ ಮೊದಲ ಪ್ರಶ್ನೆ. ನಾಡಿ, ಜ್ವರ, ಬಿಪಿ ನೋಡುವ ಹಾಗೆಯೇ, ಆಸ್ಪತ್ರೆಯ ಕಾಗದಪತ್ರ ಈ ರೋಗಿಗೆ ಎಷ್ಟರಮಟ್ಟಿಗೆ ತಲೆಗೆ ಹೋಗುತ್ತದೆ ಎಂಬುದನ್ನೂ ಮೂರು ನಿಮಿಷದಲ್ಲಿ ನೋಡಿಬಿಡಬಹುದು ಎನ್ನುವುದು ಅವರ ಲೆಕ್ಕಾಚಾರ. ಕೈಗೊಂದು ಐಸ್‌ಕ್ರೀಮ್ ಲೇಬಲ್ ಕೊಟ್ಟು ಆರು ಪ್ರಶ್ನೆ ಕೇಳುತ್ತಾರೆ. ನಾಲ್ಕು ಅಥವಾ ಹೆಚ್ಚು ಸರಿಯಾದರೆ ಪರವಾಗಿಲ್ಲ. ಎರಡೋ ಮೂರೋ ಬಂದರೆ ಅನುಮಾನ. ಅದಕ್ಕೂ ಇಳಿದರೆ ಈ ರೋಗಿಗೆ ಬಿಡಿಸಿ ಬಿಡಿಸಿ ಹೇಳಬೇಕೆಂದು ವೈದ್ಯರು ತಿಳಿಯಬೇಕು. ಈ ತಿಳಿವಳಿಕೆಗೆ ಈಗ ಆರೋಗ್ಯ ಸಾಕ್ಷರತೆ ಎಂಬ ಹೆಸರು ಬಂದಿದೆ. ಅದರಲ್ಲಿ ಅಂಕಿಸಂಖ್ಯೆಗೆ ಸಂಬಂಧಿಸಿದ್ದನ್ನು ಆರೋಗ್ಯದ ಲೆಕ್ಕಜ್ಞಾನ ಎನ್ನಬಹುದು.

ದೊಡ್ಡಮ್ಮ ಮುಂದಿನ ಎರಡು ಲೆಕ್ಕಗಳನ್ನೂ ಕೊಡವಿ ಹಾಕಿದರು. ದಿನಕ್ಕೆ 2500 ಕ್ಯಾಲೊರಿ ತಿನ್ನುವವರಿಗೆ ಒಂದು ಪಾಲು ಐಸ್‌ಕ್ರೀಮ್ ನೂರಕ್ಕೆ ಎಷ್ಟಾಯಿತು ಅಂದಾಗ ‘ಹತ್ತರಲ್ಲೊಂದು ಪಾಲು’ ಅಂದರು. ಉತ್ತರಪಟ್ಟಿಯಲ್ಲಿ ಶೇ 10 ಅಂತಿತ್ತು. ಅಂಕ ಕೊಡಲೋ ಬೇಡವೋ ಎಂದು ನಾನೇ ತಡವರಿಸಿದೆ. ಕಡಲೆಕಾಯಿ ಆಗದವರು ಇದನ್ನು ತಿನ್ನಬಹುದೇ, ಬಾರದೆಂದರೆ ಯಾಕೆ ಎಂಬ ಕೊನೆಯ ಎರಡು ಪ್ರಶ್ನೆಗಳಿಗೆ ಮಾತ್ರ ಕನ್ನಡಕ ಏರಿಸಿಕೊಂಡು ಚೀಟಿಯನ್ನು ಬೆಳಕಿಗೆ ಹಿಡಿದು ‘ಕಡಲೆಕಾಯಿ ಎಣ್ಣೆ ಹಾಕಿದಾರಲ್ಲೋ, ಹೆಂಗೆ ತಿಂತಾರೆ?’ ಎಂದರು. ಒಟ್ಟಿಗೆ ಆರಕ್ಕೆ ಎರಡು ಅಥವಾ ಮೂರು. ಅನುಮಾನದ ಪಟ್ಟಿ. ಎಂಟು ವರ್ಷದಿಂದ ದಿನಕ್ಕೆ ಐದು ಮಾತ್ರೆಗಳನ್ನು ಒಂದೂ ತಪ್ಪದೆ ನುಂಗುತ್ತಿರುವ ಹೆಂಗಸಿಗೆ ಸಿಕ್ಕ ಅಂಕ ಇದು.

ಈ ಅಳತೆಗೋಲುಗಳನ್ನು ಮಾಡಿದವರು ದಡ್ಡರಲ್ಲ. ಅವರನ್ನು ಅದಕ್ಕೆ ಹಚ್ಚಿದ ಸಮಸ್ಯೆಯೂ ಸುಳ್ಳಲ್ಲ. ಅಮೆರಿಕ ಸರ್ಕಾರವೇ 2003ರಲ್ಲಿ ನಡೆಸಿದ ರಾಷ್ಟ್ರಮಟ್ಟದ ಸಮೀಕ್ಷೆಯಲ್ಲಿ ಆರೋಗ್ಯದ ಬರಹವನ್ನು ಪಳಗಿದ ಕೈಯಿಂದ ನಿಭಾಯಿಸಬಲ್ಲವರು ನೂರಕ್ಕೆ 12 ಮಂದಿ ಮಾತ್ರ ಎಂದು ತೇಲಿತು. 2006ರಲ್ಲಿ ಟೆರ್ರಿ ಡೇವಿಸ್ ಮತ್ತು ಜತೆಗಾರರು 395 ರೋಗಿಗಳ ಮುಂದೆ ಔಷಧದ ಬಾಟಲಿಗಳನ್ನಿಟ್ಟು, ಲೇಬಲ್ ಓದಿಸಿ ನೋಡಿದರು. ‘ಎರಡು ಮಾತ್ರೆ, ದಿನಕ್ಕೆ ಎರಡು ಬಾರಿ’ ಎಂಬ ಸೂಚನೆಯನ್ನು ಓದು ಕಡಿಮೆಯಿದ್ದವರಲ್ಲೂ ನೂರಕ್ಕೆ 71 ಮಂದಿ ಸರಿಯಾಗಿಯೇ ಹೇಳಿದರು. ‘ಸರಿ, ದಿನಕ್ಕೆ ಬೇಕಾದಷ್ಟು ಎಣಿಸಿ ಕೈಗೆ ಹಾಕಿಕೊಳ್ಳಿ’ ಎಂದಾಗ ನಾಲ್ಕು ಮಾತ್ರೆ ತೆಗೆದವರು ನೂರಕ್ಕೆ 35 ಮಂದಿ. ಬಾಯಿಗೂ ಕೈಗೂ ನಡುವೆ ಅರ್ಧಕ್ಕರ್ಧ ಜನ ಜಾರಿಹೋಗಿದ್ದರು.

ಅದೇ ಡೇವಿಸ್ ಅವರ ಇನ್ನೊಂದು ಪರೀಕ್ಷೆ ಇನ್ನೂ ಹೆಸರುವಾಸಿ. ‘ರೆಲ್ಮ್’ ಎಂದು ಕರೆಯುತ್ತಾರೆ. ಅರವತ್ತಾರು ವೈದ್ಯಕೀಯ ಪದಗಳ ಪಟ್ಟಿ. ಫ್ಯಾಟ್, ಫ್ಲೂ, ಪಿಲ್‌ನಿಂದ ಶುರುವಾಗಿ ಆಸ್ಟಿಯೊಪೊರೋಸಿಸ್‌ವರೆಗೆ. ರೋಗಿ ಗಟ್ಟಿಯಾಗಿ ಓದುತ್ತಾ ಹೋಗಬೇಕು, ಎಷ್ಟು ಪದ ಸರಿಯಾಗಿ ಉಚ್ಚರಿಸುತ್ತಾರೋ ಅದರ ಮೇಲೆ ಅವರ ಮಟ್ಟ ತಿಳಿಯುತ್ತದೆ. ಇಂಗ್ಲಿಷಿಗೆ ಇದು ಸರಿ, ಯಾಕೆಂದರೆ ಬರೆಯುವುದೊಂದು ಓದುವುದೊಂದು ಎನ್ನುವ ಭಾಷೆ ಅದು. ಪದವನ್ನು ಮೊದಲೇ ಕೇಳಿ ಬಲ್ಲವರು ಮಾತ್ರ ಸರಿಯಾಗಿ ಉಚ್ಚರಿಸುತ್ತಾರೆ. ಕನ್ನಡಕ್ಕೆ ತಂದರೆ ಈ ಗಡಿಯಾರ ಓಡುವುದೇ ಇಲ್ಲ. ಕಾಗುಣಿತ, ಒತ್ತಕ್ಷರ ಕಲಿತ ಮೂರನೇ ಕ್ಲಾಸಿನ ಹುಡುಗ ‘ಮೂತ್ರಪಿಂಡ ವೈಫಲ್ಯ’ವನ್ನೂ ‘ಅಸ್ಥಿರಂಧ್ರತೆ’ಯನ್ನೂ ಗಡಗಡ ಓದಿ ಮುಂದಿನ ಪದಕ್ಕೆ ಹಾರಿರುತ್ತಾನೆ. ನಮ್ಮ ದೊಡ್ಡಮ್ಮ ಅರವತ್ತಾರಕ್ಕೆ ಅರವತ್ತಾರು ತೆಗೆದು, ಮಹಾಪ್ರಾಣ ನುಂಗಿದ ನನ್ನನ್ನೇ ತಿದ್ದಿಯಾರು. ಸ್ಪ್ಯಾನಿಷ್ ಭಾಷೆಯವರಿಗೂ ಇದೇ ಪೇಚಾಟ. ಅದಕ್ಕೇ ಅವರಿಗಾಗಿ 2006ರಲ್ಲಿ ಪ್ರತಿ ಪದದ ಪಕ್ಕ ಇನ್ನೆರಡು ಪದವಿಟ್ಟು ‘ಇದರಲ್ಲಿ ಯಾವುದು ಇದಕ್ಕೆ ಸಂಬಂಧ?’ ಎಂದು ಕೇಳುವ ಬೇರೆಯೇ ಪರೀಕ್ಷೆ ಕಟ್ಟಿದರು.

ಜನಗಣತಿಯ ಅಂಕಿಯೂ ಇಲ್ಲಿ ನೆರವಿಗೆ ಬರುವುದಿಲ್ಲ. 2011ರಲ್ಲಿ ಬೆಂಗಳೂರು ನಗರ ಜಿಲ್ಲೆಯ ಸಾಕ್ಷರತೆ ಶೇ 87.67. ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲವರೆಲ್ಲ ಆ ಲೆಕ್ಕಕ್ಕೆ ಸೇರುತ್ತಾರೆ. ಬನಶಂಕರಿಯ ಒಂದೇ ವಠಾರದಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಓದುವ ನಾಲ್ಕು ಸಾಕ್ಷರ ಮನೆಗಳಿರಬಹುದು. ನಾಲ್ಕು ಮನೆಗೂ ಬರುವ ಮಾತ್ರೆ ಪಟ್ಟಿಯ ಬೆನ್ನ ಮೇಲಿರುವುದು ಇಂಗ್ಲಿಷು, ಅದೂ ಇರುವೆ ಸಾಲಿನಂಥ ಅಕ್ಷರ.

ಬನಶಂಕರಿ 2ನೇ ಹಂತದಲ್ಲಿ ನಾನು ಮಾತ್ರೆ ಕೊಳ್ಳುವ ಮೆಡಿಕಲ್ ಶಾಪಿನ ಕೌಂಟರಿನ ಪಕ್ಕ ಒಂದು ಸಂಜೆ ಸುಮ್ಮನೆ ನಿಂತಿದ್ದೆ. ಆರೋಗ್ಯ ಸಾಕ್ಷರತೆಯ ನಿಜವಾದ ಪರೀಕ್ಷಾ ಕೊಠಡಿ ಅದೇ. ಹತ್ತು ಮಾತ್ರೆಯ ಪಟ್ಟಿಯಲ್ಲಿ ಆರು ಸಾಕು ಎನ್ನುತ್ತಾರೆ ಗಿರಾಕಿ. ಕತ್ತರಿ ಕಚಕ್ ಎನ್ನುತ್ತದೆ. ಎಕ್ಸ್‌ಪೈರಿ ತಾರೀಕು ಅಂಗಡಿಯಲ್ಲೇ ಉಳಿದ ತುಂಡಿನ ಮೇಲೆ ಕೂತಿರುತ್ತದೆ. ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಬಲ್ಲವರಿಗೆ ಅದು ಹಾಗೆ ಕಾಣುತ್ತದೆ. ಗೊತ್ತಿಲ್ಲದವರು ಕಾಣುವುದು ನೂರಾ ಒಂದನ್ನು, ಮದುವೆಗೆ ಮುಯ್ಯಿ ಬರೆಸಿದ ಹಾಗೆ. ಇದಕ್ಕಿಂತ ಹಳೆಯ ಲ್ಯಾಟಿನ್ ಪದ್ಧತಿ ಇನ್ನೂ ಚೆನ್ನ. ದಿನಕ್ಕೊಂದು ಸಲಕ್ಕೆ ಓಡಿ, ಎರಡು ಸಲಕ್ಕೆ ಬಿಡಿ, ಮೂರು ಸಲಕ್ಕೆ ಟಿಡಿಎಸ್. ‘ಈ ಮಾತ್ರೆ ಬಿಡಿ’ ಎಂದು ಡಾಕ್ಟರು ನರ್ಸಿಗೆ ಹೇಳಿದ್ದನ್ನು ಕೇಳಿಸಿಕೊಂಡು, ಸದ್ಯ ಒಂದು ಕಡಿಮೆಯಾಯಿತಲ್ಲ ಎಂದು ಹಿಗ್ಗಿದ ಕನ್ನಡಿಗರು ಇರಲೇಬೇಕು. ಬ್ಯಾಂಕಿನಿಂದ ನಿವೃತ್ತರಾದವರಿಗೆ ಟಿಡಿಎಸ್ ಎಂದರೆ ಏನೆಂದು ಬೇರೆ ಹೇಳಬೇಕಿಲ್ಲ.

ಆ ಸಂಜೆ ಬಂದ ಹೂವಿನ ಹೆಂಗಸೊಬ್ಬರು ಚೀಟಿಯನ್ನು ತಿರುಗಿಸಿಯೂ ನೋಡಲಿಲ್ಲ. ‘ಅಣ್ಣಾ, ಬಾಯಲ್ಲಿ ಹೇಳು’ ಎಂದರು. ಅಂಗಡಿಯವರು ಪಟ್ಟಿಯ ಹಿಂದೆ ಪೆನ್ನಿನಿಂದ ಗೀಟು ಎಳೆದರು. ಒಂದು ಗೀಟು, ಖಾಲಿ ಜಾಗ, ಇನ್ನೊಂದು ಗೀಟು. ‘ಬೆಳಿಗ್ಗೆ ತಿಂಡಿ ಆದ್ಮೇಲೆ, ರಾತ್ರಿ ಊಟ ಆದ್ಮೇಲೆ. ಈಗ ನೀವು ಹೇಳಿ, ಹೆಂಗೆ ತಗೋತೀರಾ?’ ಆಕೆ ಹೇಳಿದರು. ‘ತಿಂಡಿ ಹನ್ನೊಂದಕ್ಕೆ ತಿಂತೀನಣ್ಣ, ಪರವಾಗಿಲ್ವಾ?’ ಎಂದು ಸೇರಿಸಿದರು. ಹೇಳಿದ್ದನ್ನು ರೋಗಿಯ ಬಾಯಿಂದಲೇ ವಾಪಸ್ ಹೇಳಿಸುವ ಈ ಪದ್ಧತಿಯ ಮೇಲೆ ಪಶ್ಚಿಮದಲ್ಲಿ ಪ್ರಬಂಧಗಳ ರಾಶಿಯೇ ಇದೆ. ಇಲ್ಲಿ ಅದು ನಡೆಯುವುದು ಕತ್ತರಿ ಮತ್ತು ರಬ್ಬರ್‌ ಬ್ಯಾಂಡಿನ ನಡುವೆ, ಹಿಂದೆ ನಾಲ್ಕು ಜನ ಕಾಯುತ್ತಿರುವಾಗ. ಆಕೆಗೆ ಪ್ರಶ್ನೆ ಕೇಳಲು ಧೈರ್ಯ ಬಂದದ್ದೂ ಅಲ್ಲೇ, ಡಾಕ್ಟರ ಮುಂದೆ ಅಲ್ಲ.

ಈ ಹೂವಿನವರ ಲೆಕ್ಕ ಎಂಥದ್ದು ಎಂದು ನೋಡಬೇಕಾದರೆ ಮಂಗಳವಾರ ಬನಶಂಕರಿ ದೇವಸ್ಥಾನದ ಮುಂದೆ ಹೋಗಬೇಕು. ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚುವವರ ಜಾತ್ರೆ. ಮೊಳಕ್ಕೆ ಇಷ್ಟು, ಎರಡೂವರೆ ಮೊಳ ಕೊಡಿ, ಜತೆಗೆ ಆರು ನಿಂಬೆಹಣ್ಣು, ಇನ್ನೂರರ ನೋಟು. ಚಿಲ್ಲರೆ ಕೈಗೆ ಬರುವ ಹೊತ್ತಿಗೆ ನಾನಿನ್ನೂ ಎರಡೂವರೆಯಿಂದ ಗುಣಿಸುತ್ತಿರುತ್ತೇನೆ. 1985ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬ್ರೆಜಿಲಿನ ರೆಸಿಫೆ ಪಟ್ಟಣದ ಬೀದಿ ವ್ಯಾಪಾರದ ಮಕ್ಕಳನ್ನು ಹೀಗೇ ಪರೀಕ್ಷಿಸಿದ್ದರು. ಗಾಡಿಯ ಮುಂದೆ ನಿಂತು ಕೇಳಿದಾಗ ನೂರಕ್ಕೆ 98 ಸರಿ. ಅದೇ ಲೆಕ್ಕವನ್ನು ಹಾಳೆಯ ಮೇಲೆ ಬರೆದು ಕೊಟ್ಟಾಗ 37. ಕೋಲ್ಕತ್ತ ಮತ್ತು ದೆಹಲಿಯ ಸಂತೆಯ ಮಕ್ಕಳ ಮೇಲೆ ಅಭಿಜಿತ್ ಬ್ಯಾನರ್ಜಿ, ಎಸ್ತೆರ್ ಡುಫ್ಲೊ ತಂಡ 2025ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಕಂಡಿತು. ಅದರ ಇನ್ನೊಂದು ಮಗ್ಗುಲನ್ನೂ ಕಂಡಿತು: ಶಾಲೆಯಲ್ಲಿ ಚೆನ್ನಾಗಿ ಲೆಕ್ಕ ಮಾಡುವ ಮಕ್ಕಳು ಸಂತೆಯ ಲೆಕ್ಕದಲ್ಲಿ ಎಡವಿದರು.

ರಾಹುಕಾಲವನ್ನೇ ತೆಗೆದುಕೊಳ್ಳಿ. ಸೋಮವಾರ ಏಳೂವರೆಯಿಂದ ಒಂಬತ್ತು, ಮಂಗಳವಾರ ಮೂರರಿಂದ ನಾಲ್ಕೂವರೆ, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು, ಭಾನುವಾರ ನಾಲ್ಕೂವರೆಯಿಂದ ಆರು. ದಿನಕ್ಕೊಂದು ಹೊತ್ತು, ಯಾವ ಕ್ರಮಕ್ಕೂ ಸಿಕ್ಕದ ಪಟ್ಟಿ. ಅಕ್ಷರ ಬಾರದವರಿಗೂ ಕಂಠಪಾಠ. ಇಂಥವರಿಗೆ ‘ಸೋಮ, ಬುಧ, ಶುಕ್ರ ಮೂರು ಮಿಲಿಗ್ರಾಂ, ಉಳಿದ ದಿನ ಎರಡು’ ಎಂಬ ಸೂಚನೆ ತಲೆಗೆ ಹತ್ತುವುದಿಲ್ಲ ಎಂದು ನಾವು ಹೇಗೆ ತೀರ್ಮಾನಿಸುತ್ತೇವೆ?

ಆ ಸೂಚನೆ ನಾನು ಕಟ್ಟಿದ್ದಲ್ಲ. ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದ ಮಾತ್ರೆಯನ್ನು ಜೀವಮಾನವಿಡೀ ನುಂಗಬೇಕು. ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಸೂಚಿಸುವ ಐಎನ್‌ಆರ್ ಎಂಬ ಅಂಕಿ, ಮೈಟ್ರಲ್ ಕವಾಟವಾದರೆ ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ನಿಲ್ಲಬೇಕು. ಇಳಿದರೆ ಕವಾಟದಲ್ಲಿ ಗಡ್ಡೆ, ಏರಿದರೆ ರಕ್ತಸ್ರಾವ. ಅದಕ್ಕೆ ತಕ್ಕಂತೆ ಡೋಸು ಮೇಲೆ ಕೆಳಗೆ ಆಗುತ್ತಲೇ ಇರುತ್ತದೆ, ದಿನ ಬಿಟ್ಟು ದಿನ, ಕೆಲವೊಮ್ಮೆ ಅರ್ಧ ಮಾತ್ರೆ. ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆಗೆ ಹೀಗೆ ತಪಾಸಣೆಗೆ ಬರುವವರಲ್ಲಿ ಹಳ್ಳಿಗಾಡಿನವರು ಬೇಕಾದಷ್ಟು ಜನ. ಹೊರಗೆ ಬಸ್ಸಿಗೆ ಕಾಯುತ್ತಿದ್ದ ಒಬ್ಬರ ಚೀಲದಿಂದ ಸುರುಳಿ ಸುತ್ತಿದ ಗೋಡೆ ಕ್ಯಾಲೆಂಡರ್ ಇಣುಕುತ್ತಿತ್ತು. ಯಾಕೆ ಎಂದು ಕೇಳಿದೆ. ಬಿಚ್ಚಿ ತೋರಿಸಿದರು. ಪ್ರತಿ ತಾರೀಕಿನ ಚೌಕದಲ್ಲೂ ಮೂಲೆಯಲ್ಲಿ ಹಾಲಿನ ಲೆಕ್ಕ, ಅರ್ಧ, ಒಂದು, ಅರ್ಧ. ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ಮಾತ್ರೆಯ ಲೆಕ್ಕ, ಎರಡು, ಮೂರು, ಎರಡು. ಹಾಲಿನವನಿಗೆ ಮೋಸ ಹೋಗದ ಹಾಗೆಯೇ ಮಾತ್ರೆಗೂ ಹೋಗಿರಲಿಲ್ಲ.

ಇದನ್ನೆಲ್ಲ ಬರೆಯುವ ನಾನು ಪದವೀಧರ. ನನ್ನ ಅಂಕಪಟ್ಟಿಯನ್ನೂ ಹೇಳಿಬಿಡುವುದು ನ್ಯಾಯ. ಅಪ್ಪನಿಗೆ ಇನ್ಸುಲಿನ್ ಶುರುವಾದ ವರ್ಷ ಸಿರಿಂಜು ಮುಗಿದಾಗ ನಾನೇ ಓಡಿಹೋಗಿ ತಂದೆ. ಬೆಳಿಗ್ಗೆ 20 ಯೂನಿಟ್, ಇಪ್ಪತ್ತರ ಗೀಟಿನವರೆಗೆ ಎಳೆದು ಚುಚ್ಚಿದೆ. ಹತ್ತು ದಿನ ಶುಗರ್ ಏರುತ್ತಲೇ ಹೋಯಿತು. ಅಪ್ಪ ಕದ್ದು ಸಿಹಿ ತಿನ್ನುತ್ತಿದ್ದಾರೆಂದು ನಾನು ಸಿಟ್ಟಾದೆ. ಅವರು ಊಟವನ್ನೇ ಕಡಿಮೆ ಮಾಡಿದರು. ಹನ್ನೊಂದನೆಯ ದಿನ ಅಮ್ಮ ಡಸ್ಟ್‌ಬಿನ್ ಖಾಲಿ ಮಾಡುತ್ತಾ ಕೇಳಿದಳು: ‘ಮೊದಲು ಕೆಂಪು ಮುಚ್ಚಳ ಇರ್ತಿತ್ತು, ಈಗ್ಯಾಕೆ ಕಿತ್ತಳೆ?’

ನಮ್ಮ ದೇಶದಲ್ಲಿ ಇನ್ಸುಲಿನ್ ಮುಖ್ಯವಾಗಿ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ. ಹಳೆಯ ಬಗೆಯ ಸೀಸೆಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಇನ್ನೊಂದರಲ್ಲಿ 100 ಯೂನಿಟ್, ಅದಕ್ಕೆ ಕಿತ್ತಳೆ. ನಲವತ್ತರ ಔಷಧವನ್ನು ನಾನು ನೂರರ ಸಿರಿಂಜಿನಲ್ಲಿ ಎಳೆದಿದ್ದೆ. ಆ ಸಿರಿಂಜಿನ ಇಪ್ಪತ್ತರ ಗೀಟೆಂದರೆ ಎಂಎಲ್‌ನ ಐದನೇ ಒಂದು ಭಾಗ. ಅಷ್ಟರಲ್ಲಿರುವುದು 8 ಯೂನಿಟ್. ತಿರುಗುಮುರುಗಾಗಿದ್ದರೆ ಇಪ್ಪತ್ತು ಐವತ್ತಾಗುತ್ತಿತ್ತು, ಮತ್ತು ಅಪ್ಪ ಉಳಿಯುತ್ತಿದ್ದರೋ ಇಲ್ಲವೋ. ಅಮ್ಮ ಓದಿದ್ದು ಏಳನೇ ಕ್ಲಾಸು. ಅವಳು ಬಣ್ಣ ನೋಡಿದಳು, ನಾನು ಅಂಕಿ ನೋಡಿದೆ. ಯಾವ ಪರೀಕ್ಷೆ ಕೊಟ್ಟರೂ ನನಗೇ ಹೆಚ್ಚು ಅಂಕ ಬರುತ್ತಿತ್ತು ಎಂಬುದೇ ನನ್ನ ತಕರಾರು.

ಓದಿದವರ ಕುರುಡು ಬೇರೆ ಬಗೆಯದು. ಬಿಟಿಎಂ ಲೇಔಟಿನ ಪಿಜಿಯಲ್ಲಿರುವ, ಸಾಫ್ಟ್‌ವೇರ್ ಕೆಲಸದ ತಮ್ಮ ವರಸೆಯ ಹುಡುಗನೊಬ್ಬ ರಾತ್ರಿ ಹನ್ನೊಂದಕ್ಕೆ ಪಿಡಿಎಫ್ ಕಳಿಸಿದ. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ, ಎಪ್ಪತ್ತು ಚಿಲ್ಲರೆ ಟೆಸ್ಟುಗಳ ಪ್ಯಾಕೇಜು. ಮೂರು ಅಂಕಿ ದಪ್ಪಕ್ಷರದಲ್ಲಿ ಅಚ್ಚಾಗಿದ್ದವು. ‘ಅಣ್ಣಾ, ಲಿವರ್ ಹೋಯ್ತಾ?’ ನಾರ್ಮಲ್ ಎಂಬ ಗೆರೆಯನ್ನು ಎಳೆಯುವ ರೀತಿಯನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಸಾಮಾನ್ಯವಾಗಿ, ಆರೋಗ್ಯವಂತರಲ್ಲೇ ನೂರಕ್ಕೆ 95 ಜನ ಯಾವ ಎರಡು ಅಂಕಿಗಳ ನಡುವೆ ಬರುತ್ತಾರೋ ಅದೇ ನಾರ್ಮಲ್. ಉಳಿದ ಐವರು ಆರೋಗ್ಯವಾಗಿಯೇ ಇದ್ದಾರೆ, ಆದರೆ ಗೆರೆಯ ಹೊರಗೆ. ಒಂದಕ್ಕೊಂದು ಸಂಬಂಧವಿಲ್ಲದ ಇಂಥ 20 ಟೆಸ್ಟು ಮಾಡಿಸಿದರೆ, ನೂರು ಜನ ಆರೋಗ್ಯವಂತರಲ್ಲಿ ಸುಮಾರು 64 ಮಂದಿಗೆ ಒಂದಾದರೂ ದಪ್ಪಕ್ಷರ ಬಂದೇ ಬರುತ್ತದೆ. ಎಪ್ಪತ್ತು ಮಾಡಿಸಿದವನಿಗೆ ಮೂರು ಬಂದದ್ದರಲ್ಲಿ ಗಾಬರಿಗೆ ಏನಿದೆ? ದಿನವಿಡೀ ಸಂಖ್ಯೆಗಳ ಜೊತೆ ಗುದ್ದಾಡುವವನು, ತನ್ನದೇ ರಕ್ತದ ಸಂಖ್ಯೆ ಬಂದಾಗ ರಾತ್ರಿಯಿಡೀ ನಿದ್ದೆಗೆಟ್ಟ.

ಜೆ.ಪಿ. ನಗರದ ವಾಕಿಂಗ್ ಗುಂಪಿನಲ್ಲಿ ನಿವೃತ್ತ ಎಂಜಿನಿಯರರೊಬ್ಬರಿದ್ದಾರೆ. ತಮ್ಮ ಫಾಸ್ಟಿಂಗ್ ಶುಗರನ್ನು ಎಕ್ಸೆಲ್‌ನಲ್ಲಿ ಗ್ರಾಫ್ ಮಾಡಿಟ್ಟವರು. ಹೊಸ ಮಾತ್ರೆಯೊಂದು ಹೃದಯಾಘಾತದ ಅಪಾಯವನ್ನು ‘ಶೇ 50ರಷ್ಟು’ ಇಳಿಸುತ್ತದಂತೆ ಎಂದು ವಾಟ್ಸ್‌ಆ್ಯಪ್ ಸಂದೇಶ ತೋರಿಸಿದರು. ‘ಎಷ್ಟರಿಂದ ಎಷ್ಟಕ್ಕೆ, ಸಾರ್?’ ಎಂದೆ. ನೂರರಲ್ಲಿ 40 ಮಂದಿಯಿಂದ 20ಕ್ಕೆ ಇಳಿದರೂ ಶೇ 50, ಇಬ್ಬರಿಂದ ಒಬ್ಬರಿಗೆ ಇಳಿದರೂ ಶೇ 50. ಅವರು ನಡಿಗೆ ನಿಲ್ಲಿಸಿದರು. 1995ರಲ್ಲಿ ಬ್ರಿಟನ್ನಿನಲ್ಲಿ ಇದೇ ಕಣ್ಕಟ್ಟು ದೊಡ್ಡ ಅನಾಹುತವಾಯಿತು. ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ‘ಎರಡು ಪಟ್ಟು’ ಎಂಬ ಎಚ್ಚರಿಕೆ ಹೊರಟಿತು. ಅಸಲಿಗೆ 7000 ಹೆಂಗಸರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗಾಗಿತ್ತು. ಹೆದರಿ ಮಾತ್ರೆ ಬಿಟ್ಟವರಿಗೆ ಲೆಕ್ಕವಿಲ್ಲ; ಮರುವರ್ಷ ಅಂದಾಜು 13,000 ಗರ್ಭಪಾತಗಳು ಹೆಚ್ಚಿಗೆ ನಡೆದವು. ಜರ್ಮನಿಯ ಮನೋವಿಜ್ಞಾನಿ ಗೆರ್ಡ್ ಗಿಗೆರೆಂಜರ್ ಈ ಕಥೆಯನ್ನು ಮತ್ತೆ ಮತ್ತೆ ಹೇಳುತ್ತಾರೆ: ಶೇಕಡಾ ಬೇಡ, ಇಷ್ಟು ಜನರಲ್ಲಿ ಇಷ್ಟು ಜನ ಎಂದು ಹೇಳಿ ಎನ್ನುವುದು ಅವರ ವಾದ. ನಮ್ಮ ದೊಡ್ಡಮ್ಮನ ‘ಹತ್ತರಲ್ಲೊಂದು ಪಾಲು’ ಅದೇ ತಾನೆ?

1997ರಲ್ಲಿ ಅಮೆರಿಕದ ಲಿಸಾ ಶ್ವಾರ್ಟ್ಜ್, ಸ್ಟೀವನ್ ವೊಲೊಶಿನ್ ಮತ್ತು ಸಹೋದ್ಯೋಗಿಗಳು ಕೇಳಿದ್ದು ಮೂರೇ ಪ್ರಶ್ನೆ. ನಾಣ್ಯವನ್ನು ಸಾವಿರ ಸಲ ಚಿಮ್ಮಿದರೆ ಎಷ್ಟು ಸಲ ರಾಜ ಬೀಳಬಹುದು? ಇದು ಒಂದು. ಉಳಿದೆರಡು, ಶೇ 1ನ್ನು ಸಾವಿರಕ್ಕೆ ಇಷ್ಟು ಎಂದೂ, ಸಾವಿರಕ್ಕೊಂದನ್ನು ಶೇಕಡಾ ಎಂದೂ ಬದಲಿಸುವುದು. ಮೂರನ್ನೂ ಸರಿಯಾಗಿ ಹೇಳಿದವರು ನೂರಕ್ಕೆ 16 ಮಂದಿ. ನಮಗೆಲ್ಲ ಈ ಪರೀಕ್ಷೆ 2021ರಲ್ಲಿ, ಕೋವಿಡ್ ಕಾಲದಲ್ಲಿ, ಯಾರೂ ಕರೆಯದೆಯೇ ನಡೆಯಿತು. ಕೋವಿಡ್ ಟೆಸ್ಟಿನ ಸಿಟಿ ವ್ಯಾಲ್ಯೂ 17 ಎಂದರೆ 30ಕ್ಕಿಂತ ಕಡಿಮೆ, ಹಾಗಾಗಿ ಒಳ್ಳೆಯದು ಎಂದು ಸಮಾಧಾನಪಟ್ಟ ಮನೆಗಳಿದ್ದವು. ಆ ಅಂಕಿ ಇಳಿದಷ್ಟೂ ವೈರಸ್ಸು ಹೆಚ್ಚು. ಆಸ್ಪತ್ರೆ ಹಾಸಿಗೆಗೆ ಬೇಕಾದ ಬಿಯು ನಂಬರ್ ಬಂತಾ, ಆಕ್ಸಿಜನ್ 94 ದಾಟಿತಾ ಎನ್ನುತ್ತಾ ಇಡೀ ಬೆಂಗಳೂರು ಎರಡು ತಿಂಗಳು ಅಂಕಿಯಲ್ಲೇ ಉಸಿರಾಡಿತು.

ಅಳತೆಗೋಲನ್ನು ಜನರಿಗೆ ತಕ್ಕಂತೆ ತಿದ್ದಬಹುದು ಎಂಬುದಕ್ಕೆ ಸಾಕ್ಷಿ ಹೊಸೂರು ರಸ್ತೆಯ ನಿಮ್ಹಾನ್ಸ್ ಮಂದಿಗೆ ಚೆನ್ನಾಗಿ ಗೊತ್ತಿರುವ ಕಥೆ. ಮರೆಗುಳಿತನ ಪತ್ತೆಗೆ ಜಗತ್ತೆಲ್ಲ ಬಳಸುವ, 1975ರ ಪರೀಕ್ಷೆಯೊಂದಿದೆ: ನೂರರಿಂದ ಏಳೇಳು ಕಳೆಯುತ್ತಾ ಹೋಗಿ, ಒಂದು ವಾಕ್ಯ ಬರೆಯಿರಿ. ಶಾಲೆ ಮೆಟ್ಟಿಲು ಹತ್ತದ ಹರಿಯಾಣದ ಬಲ್ಲಭಗಢದ ವೃದ್ಧರಿಗೆ ಇದನ್ನು ಕೊಟ್ಟಿದ್ದರೆ ಊರಿಗೆ ಊರೇ ಮರೆಗುಳಿಯಾಗುತ್ತಿತ್ತು. 1990ರ ದಶಕದಲ್ಲಿ ಮೇರಿ ಗಂಗೂಲಿ ತಂಡ ಅದನ್ನು ಬಿಚ್ಚಿ ಕಟ್ಟಿತು. ಕಳೆಯುವ ಲೆಕ್ಕದ ಬದಲು ವಾರದ ದಿನಗಳನ್ನು ಹಿಂದಿನಿಂದ ಹೇಳಿ. ವಾಕ್ಯ ಬರೆಯುವ ಬದಲು ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ. ಓದು ಬರಹ ಪಕ್ಕಕ್ಕೆ ಸರಿಯಿತು, ಬುದ್ಧಿ ಎದುರಿಗೆ ಬಂತು. ವೃದ್ಧರ ಮರೆವಿನ ಬಗ್ಗೆ ದೇಶದ ಹಲವೆಡೆ ನಡೆದ ಲಾಸಿ-ಡ್ಯಾಡ್ ಅಧ್ಯಯನದಲ್ಲಿ ನಿಮ್ಹಾನ್ಸ್ ಕೂಡ ಒಂದು ಕೇಂದ್ರ. ಅಲ್ಲಿ ಈ ಪರೀಕ್ಷೆಯನ್ನೂ ಬಳಸಿದರು. ಮರೆವಿಗೆ ಮಾಡಿದ್ದನ್ನು ಮಾತ್ರೆಗೆ ಮಾಡಲು ಏನು ಅಡ್ಡಿ? ಐಸ್‌ಕ್ರೀಮ್ ಲೇಬಲ್ ಬದಲು ಕತ್ತರಿಸಿದ ಮಾತ್ರೆ ಪಟ್ಟಿ, ಎರಡು ಬಣ್ಣದ ಸಿರಿಂಜು, ಒಂದು ಕ್ಯಾಲೆಂಡರ್ ಹಾಳೆ ಕೈಗೆ ಕೊಟ್ಟು ‘ಮಾಡಿ ತೋರಿಸಿ’ ಎಂದರಾಯಿತು.

2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ, ಸರ್ಕಾರಿ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯುವಂತಾಗಲಿ ಎಂದು ಆರೋಗ್ಯ ಸಚಿವರಿಗೆ ಪತ್ರ ಬರೆದರು. ನನಗೆ ಅದು ಬೇಕು. ಆದರೆ ‘ದಿನಕ್ಕೆ ಎರಡು ಬಾರಿ’ ಎಂದು ಅಚ್ಚಗನ್ನಡದಲ್ಲಿ ಬರೆದರೂ, ಒಂದರ ಮೇಲೊಂದು ಎರಡು ಸಲ ನುಂಗಬಾರದು ಎಂದು ಅದರಲ್ಲಿ ಎಲ್ಲೂ ಇಲ್ಲವಲ್ಲ.

ಆ ಭಾನುವಾರ ಪರೀಕ್ಷೆಯ ಹಾಳೆ ಮಡಚಿ ಎದ್ದಾಗ ದೊಡ್ಡಮ್ಮ ‘ಕೂತ್ಕೋ, ಈಗ ನಂದು’ ಎಂದು ಅಡುಗೆಮನೆಯಿಂದ ಸ್ಟೀಲಿನ ಹಳೆಯ ಒಗ್ಗರಣೆ ಡಬ್ಬಿ ತಂದರು. ಮುಚ್ಚಳ ತೆಗೆದರೆ ಸಾಸಿವೆ, ಜೀರಿಗೆ ಇರಬೇಕಾದ ಏಳು ಬಟ್ಟಲಲ್ಲಿ ಮಾತ್ರೆಗಳು. ನಡುವಿನ ಬಟ್ಟಲು ಭಾನುವಾರ. ‘ನವಗ್ರಹದಲ್ಲಿ ಸೂರ್ಯ ನಡುವೆ ಇರಲ್ವೇನೋ?’ ಸುತ್ತಲಿನ ಆರು, ಸೋಮವಾರದಿಂದ ಪ್ರದಕ್ಷಿಣೆಯಾಗಿ. ಬೆಳಗಿನವು ಬಿಡಿಬಿಡಿ, ರಾತ್ರಿಯವು ಕಾಗದದ ಪೊಟ್ಟಣದಲ್ಲಿ.

‘ಬುಧವಾರ ಬೆಳಿಗ್ಗೆ ಎದ್ದು ನೋಡ್ತೀನಿ, ಮಂಗಳವಾರದ ಪೊಟ್ಟಣ ಹಂಗೇ ಇದೆ. ಏನ್ ಮಾಡ್ಬೇಕು?’

ಮಂಗಳವಾರದ್ದನ್ನೂ ಸೇರಿಸಿ ತಗೋಬೇಕೇನೋ ಎಂದೆ.

‘ಎರಡೂ ಸೇರಿಸಿ ನುಂಗಿದ್ರೆ ಬಿಪಿ ಬಿದ್ದುಹೋಗುತ್ತೆ ಕಣೋ. ಡಾಕ್ಟ್ರನ್ನ ಕೇಳಿ ಇಟ್ಕೊಂಡಿದೀನಿ. ಬಿಟ್ಟಿದ್ದು ಬಿಟ್ಟೇಬಿಡಬೇಕು’ ಎಂದು ಮುಚ್ಚಳ ಒತ್ತಿದರು. ‘ನಿಂಗೆ ಸೊನ್ನೆ.’